ನೇಸರಿ ಭಾಗದ ಗಡಿಗನ್ನಡ ಮತ್ತು ಸಂಕೀರ್ಣ ವ್ಯವಸ್ಥೆಗಳ ಮಾದರಿ: ಒಂದು ವಿವೇಚನೆ

1. ಪ್ರಾಸ್ತಾವಿಕ

ಉಪಭಾಷೆಗಳನ್ನು ಕುರಿತ ಸಂಕಿರಣದಲ್ಲಿ ಸಮೀಕರಣ, ಕಂಪ್ಯೂಟರ್ ಎಂಬ ಮಾತು ಬಂದರೆ ಇದು ದಾರಿ ತಪ್ಪಿ ಬಂದ ಪ್ರಬಂಧವೆಂದು ಕೆಲವರಿಗೆ ಅನ್ನಿಸಬಹುದು. ನಾನು ಭಾಷಾವಿಜ್ಞಾನದ ವಿದ್ಯಾರ್ಥಿಯಲ್ಲ. ಪುಣೆಯಲ್ಲಿ ಸಂಕೀರ್ಣ ವ್ಯವಸ್ಥೆಗಳ ಮಾದರಿ ಮತ್ತು ಸಿಮ್ಯುಲೇಶನ್ ಓದಿದವನು. ಪುಣೆ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕಾಗಿಯೇ 2003ರಲ್ಲಿ ಒಂದು ಪ್ರತ್ಯೇಕ ಕೇಂದ್ರ ಆರಂಭವಾಯಿತು. ನಮ್ಮ ಕಡೆಯ ಹುಡುಗರಿಗೆ ಇಂಥದ್ದೊಂದು ವಿಷಯವಿದೆ ಎಂಬುದು ಕೂಡ ಗೊತ್ತಾಗುವುದು ತಡವಾಗಿ.

ನಾನು ರಜೆಗೆ ಊರಿಗೆ ಬಂದಾಗ ನಮ್ಮ ಆಯಿ ಕೇಳಿದ್ದು ನೆನಪಿದೆ.

“ಯಾಕ ತಮ್ಮಾ, ಪುಣೆದಾಗ ಏನ ಕಲೀತಿ?”

“ಕಂಪ್ಯೂಟರಿನ್ಯಾಗ ಊರ ಕಟ್ತೀನಿ ಆಯಿ.”

“ಆ ಊರಾಗ ನೀರ ಐತೇನೋ?”

ಆಯಿ ಚೇಷ್ಟೆಗೆ ಕೇಳಿದಳು. ಆದರೆ ಮಾದರಿ ಕಟ್ಟುವವರೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ. ನಾವು ಕಾಗದದ ಮೇಲೆ ಕಟ್ಟಿದ ಊರಿನಲ್ಲಿ, ನಿಜವಾದ ಊರಿನಲ್ಲಿ ಜೀವ ಹಿಡಿದಿಡುವ ವಸ್ತು ಇದೆಯೋ ಇಲ್ಲವೋ? ಪ್ರಸ್ತುತ ಪ್ರಬಂಧದಲ್ಲಿ ನೇಸರಿ ಭಾಗದ ಕನ್ನಡವನ್ನು ಮುಂದಿಟ್ಟುಕೊಂಡು, ಈ ಮಾದರಿಗಳು ಏನು ಹೇಳುತ್ತವೆ, ಎಲ್ಲಿ ಸೋಲುತ್ತವೆ, ಉಪಭಾಷಾ ಸಂಶೋಧಕರಿಗೆ ಇವುಗಳಿಂದ ಏನು ಉಪಯೋಗ ಎಂಬುದನ್ನು ವಿವರಿಸಲು ಪ್ರಯತ್ನಿಸಿದ್ದೇನೆ.

2. ಪ್ರದೇಶದ ಸ್ವರೂಪ

ನೇಸರಿಯು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನಲ್ಲಿದೆ. 1674ರಲ್ಲಿ ಮರಾಠಾ ಸೇನಾಪತಿ ಪ್ರತಾಪರಾವ್ ಗುಜರ್ ಆರು ಜನ ಸವಾರರೊಡನೆ ಬಹಲೋಲಖಾನನ ಸೈನ್ಯದ ಮೇಲೆ ಬಿದ್ದು ಮಡಿದ ಸ್ಥಳವೆಂದು ಇತಿಹಾಸದಲ್ಲಿ ಈ ಊರಿಗೆ ಹೆಸರು. ಊರಿನ ವ್ಯವಹಾರ ಭಾಷೆ ಮರಾಠಿ. ತಾಲ್ಲೂಕಿನ ಪೂರ್ವಕ್ಕೆ, ನೂಲ, ಹಲಕರ್ಣಿ ಕಡೆಗೆ ಸರಿದಂತೆ ಕನ್ನಡ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಸಂಕೇಶ್ವರ, ಹುಕ್ಕೇರಿಗಳ ಕನ್ನಡದೊಡನೆ ಅದು ಬೆರೆತುಹೋಗುತ್ತದೆ. ಹಿಂದೆ ಇದು ಕೊಲ್ಹಾಪುರ ಸಂಸ್ಥಾನದ ನೆಲ. 1949ರಲ್ಲಿ ಸಂಸ್ಥಾನವು ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋದಾಗ ಗಡಹಿಂಗ್ಲಜ ಇತ್ತ ಉಳಿಯಿತು. ಅಂದರೆ ಒಂದೇ ಮಾತಿನ ಹರಹಿನ ನಡುವೆ ರಾಜ್ಯದ ಗೆರೆ ಬಂತು.

ನಮ್ಮ ಆಯಿ ನೂಲ ಕಡೆಯಿಂದ ನೇಸರಿಗೆ ಸೊಸೆಯಾಗಿ ಬಂದವಳು. ಹೀಗಾಗಿ ನಮ್ಮ ಮನೆಯ ಒಳಗೆ ಕನ್ನಡ, ಹೊಸ್ತಿಲ ಹೊರಗೆ ಮರಾಠಿ. ಕನ್ನಡದ ಮನೆಗಳು ನಮ್ಮ ಓಣಿಯಲ್ಲಿ ಕೆಲವೇ. ಮುಂದಿನ ವಿವೇಚನೆಗೆ ಎರಡು ಚಿತ್ರಗಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು: ನೂಲ ಎಂಬುದು ಕನ್ನಡದ ಅಂಚು; ನೇಸರಿಯ ನಮ್ಮ ಓಣಿ ಎಂಬುದು ಮರಾಠಿಯ ನಡುವಿನ ಒಂದು ನಡುಗಡ್ಡೆ.

3. ಸಂಕೀರ್ಣ ವ್ಯವಸ್ಥೆ, ಮಾದರಿ, ಸಿಮ್ಯುಲೇಶನ್

ಗಡಹಿಂಗ್ಲಜದ ಪೇಟೆಯಲ್ಲಿ ಸಂಕೇಶ್ವರಿ ಮೆಣಸಿನಕಾಯಿಯ ಲಿಲಾವು ನೋಡಿದವರಿಗೆ ಸಂಕೀರ್ಣ ವ್ಯವಸ್ಥೆ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ರೈತ, ದಲಾಲ, ವ್ಯಾಪಾರಿ ಪ್ರತಿಯೊಬ್ಬನೂ ತನ್ನ ಪಕ್ಕದವನನ್ನು ನೋಡಿ ತನ್ನ ಮಾತು ಹೇಳುತ್ತಾನೆ. ಸಂಜೆಯ ಹೊತ್ತಿಗೆ ಇಡೀ ಪೇಟೆಗೆ ಒಂದು ದರ ನಿಂತಿರುತ್ತದೆ. ಆ ದರವನ್ನು ಯಾರೂ ಒಬ್ಬರೇ ನಿಲ್ಲಿಸಿಲ್ಲ. ಹೀಗೆ ಬಿಡಿಬಿಡಿ ಘಟಕಗಳ ಪರಸ್ಪರ ಕ್ರಿಯೆಯಿಂದ, ಯಾವ ಘಟಕದಲ್ಲೂ ಇಲ್ಲದ ಒಂದು ಗುಣ ಇಡಿಯಲ್ಲಿ ಕಾಣಿಸಿಕೊಂಡರೆ ಅದನ್ನು ಸಂಕೀರ್ಣ ವ್ಯವಸ್ಥೆ ಎನ್ನುತ್ತೇವೆ. ಭಾಷೆ ಇದಕ್ಕೆ ಅತ್ಯುತ್ತಮ ಉದಾಹರಣೆ. ಯಾರೂ ಸಭೆ ಸೇರಿ ‘ಇದೆ’ ಎಂಬುದನ್ನು ‘ಐತಿ’ ಮಾಡಲಿಲ್ಲ. 2021ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಇಂಥ ವ್ಯವಸ್ಥೆಗಳ ಅಧ್ಯಯನಕ್ಕಾಗಿ ಮನಾಬೆ, ಹಾಸೆಲ್ಮಾನ್ ಮತ್ತು ಪರೀಸಿ ಅವರಿಗೆ ಸಂದಿತು ಎಂಬುದನ್ನು ಇಲ್ಲಿ ನೆನೆಯಬಹುದು.

ಮಾದರಿ ಎಂದರೆ ಇಂಥ ವ್ಯವಸ್ಥೆಯ ಬಗ್ಗೆ ನಾವು ಮಾಡಿಕೊಂಡ ಊಹೆಗಳ ಸ್ಪಷ್ಟವಾದ ಬರವಣಿಗೆ. ಆ ಊಹೆಗಳನ್ನು ಕಂಪ್ಯೂಟರಿನಲ್ಲಿ ಹೆಜ್ಜೆಹೆಜ್ಜೆಯಾಗಿ ನಡೆಸಿ ನೋಡುವುದೇ ಸಿಮ್ಯುಲೇಶನ್. ಇದಕ್ಕೆ ಎರಡು ದಾರಿಗಳಿವೆ. ಒಂದು, ಒಟ್ಟು ಜನಸಂಖ್ಯೆಯ ಬದಲಾವಣೆಯನ್ನು ಸಮೀಕರಣದಲ್ಲಿ ಬರೆಯುವುದು. ಇನ್ನೊಂದು, ಒಬ್ಬೊಬ್ಬ ಮನುಷ್ಯನನ್ನೂ ಒಂದು ಘಟಕವಾಗಿ ಇಟ್ಟು, ಅವನಿಗೆ ಸರಳವಾದ ನಡವಳಿಕೆಯ ನಿಯಮ ಕೊಟ್ಟು, ಒಟ್ಟಿನಲ್ಲಿ ಏನಾಗುತ್ತದೆಂದು ಕಾದು ನೋಡುವುದು. ಥಾಮಸ್ ಶೆಲ್ಲಿಂಗ್ 1971ರಲ್ಲಿ ಎರಡನೆಯ ದಾರಿ ಹಿಡಿದು, ನೆರೆಹೊರೆಯ ಬಗ್ಗೆ ಜನರಿಗಿರುವ ಸಣ್ಣ ಒಲವು ಕೂಡ ಇಡೀ ಪಟ್ಟಣವನ್ನು ಬೇರೆಬೇರೆ ಕೇರಿಗಳಾಗಿ ಒಡೆಯಬಲ್ಲದೆಂದು ತೋರಿಸಿದರು. ನಮ್ಮೂರ ಓಣಿಗಳನ್ನು ಕಂಡವರಿಗೆ ಇದೇನೂ ಹೊಸತಲ್ಲ. ಆದರೆ ದ್ವೇಷವಿಲ್ಲದೆಯೂ ಹಾಗಾಗಬಲ್ಲದು ಎಂಬುದು ಹೊಸತು.

ವಿಶ್ವವಿದ್ಯಾಲಯದಲ್ಲಿ ನಾವು ಓದುವುದು ಅವಕಲ ಸಮೀಕರಣ, ಸಂಭವನೀಯತೆ, ಸಂಖ್ಯಾಶಾಸ್ತ್ರ, ಪ್ರೋಗ್ರಾಮ್ ಬರೆಯುವ ವಿದ್ಯೆ. ಇವೆಲ್ಲಕ್ಕಿಂತ ಹೆಚ್ಚಾಗಿ ಗುರುಗಳು ಎರಡು ಪ್ರಶ್ನೆಗಳನ್ನು ತಲೆಗೆ ತುಂಬಿದರು. ಲೆಕ್ಕವನ್ನು ಸರಿಯಾಗಿ ಮಾಡಿದ್ದೀಯಾ? ಸರಿಯಾದ ಲೆಕ್ಕವನ್ನೇ ಮಾಡಿದ್ದೀಯಾ? ಮೊದಲನೆಯದನ್ನು ಕಂಪ್ಯೂಟರಿನ ಮುಂದೆ ಕುಳಿತು ಪರೀಕ್ಷಿಸಬಹುದು. ಎರಡನೆಯದಕ್ಕೆ ಎದ್ದು ಊರಿಗೆ ಹೋಗಲೇಬೇಕು.

4. ಎರಡು ಭಾಷೆಗಳ ಸ್ಪರ್ಧೆ: ಮೊದಲ ಸಮೀಕರಣ

2003ರಲ್ಲಿ ಡೇನಿಯಲ್ ಅಬ್ರಾಮ್ಸ್ ಮತ್ತು ಸ್ಟೀವನ್ ಸ್ಟ್ರೊಗಾಟ್ಸ್ ‘ನೇಚರ್’ ಪತ್ರಿಕೆಯಲ್ಲಿ ಭಾಷೆಗಳ ಅಳಿವನ್ನು ಕುರಿತು ಒಂದು ಚಿಕ್ಕ ಮಾದರಿಯನ್ನು ಪ್ರಕಟಿಸಿದರು. ಸ್ಕಾಟ್ಲೆಂಡಿನ ಗೇಲಿಕ್, ವೇಲ್ಸಿನ ವೆಲ್ಷ್, ಪೆರುವಿನ ಕೆಚುವಾ ಮೊದಲಾದ ಭಾಷೆಗಳ ಅಂಕಿಗಳನ್ನು ಅದಕ್ಕೆ ಹೊಂದಿಸಿ ನೋಡಿದರು. ಅದರ ತಿರುಳು ಇಷ್ಟು: ಒಬ್ಬ ಮನುಷ್ಯ ತನ್ನ ಭಾಷೆ ಬಿಟ್ಟು ಇನ್ನೊಂದಕ್ಕೆ ಹೋಗುವ ಸಾಧ್ಯತೆ ಎರಡು ಸಂಗತಿಗಳ ಮೇಲೆ ನಿಂತಿದೆ. ಆ ಇನ್ನೊಂದು ಭಾಷೆಯನ್ನು ಆಡುವವರು ಎಷ್ಟು ಜನ ಎಂಬುದು ಒಂದು. ಅದಕ್ಕೆ ಸಮಾಜದಲ್ಲಿ ಎಷ್ಟು ಮಾನ ಎಂಬುದು ಇನ್ನೊಂದು. ಮಾನವನ್ನು 0ಯಿಂದ 1ರವರೆಗಿನ ಒಂದು ಅಂಕಿಯಲ್ಲಿ ಸೂಚಿಸುತ್ತಾರೆ. ಎರಡು ಭಾಷೆಗಳ ಮಾನ ಕೂಡಿದರೆ 1. ಆಡುವವರ ಪ್ರಮಾಣವನ್ನು ಒಂದು ಘಾತಕ್ಕೆ ಏರಿಸುತ್ತಾರೆ. ಬೇರೆಬೇರೆ ದೇಶಗಳ ಅಂಕಿಗಳಿಂದ ಆ ಘಾತ ಸುಮಾರು 1.31 ಎಂದು ಅವರಿಗೆ ಸಿಕ್ಕಿತು.

ಇದನ್ನು ನಾನು ಕನ್ನಡ-ಮರಾಠಿಗಳಿಗೆ ಹಚ್ಚಿ ಲೆಕ್ಕ ಮಾಡಿದೆ. ಈ ಮಾದರಿಯಲ್ಲಿ ಎರಡು ಭಾಷೆಗಳೂ ಕೂಡಿ ಬಾಳುವ ಸ್ಥಿರ ಸ್ಥಿತಿ ಇಲ್ಲವೇ ಇಲ್ಲ. ಇರುವುದು ಒಂದು ನೆತ್ತಿ ಮಾತ್ರ. ನೆತ್ತಿಯ ಈಚೆ ಇದ್ದರೆ ಒಂದು ಭಾಷೆ ಗೆಲ್ಲುತ್ತದೆ, ಆಚೆ ಇದ್ದರೆ ಇನ್ನೊಂದು. ಎರಡಕ್ಕೂ ಸಮ ಮಾನವಿದ್ದರೆ, ಅಂದರೆ 0.5 ಇದ್ದರೆ, ನೆತ್ತಿ ಸರಿಯಾಗಿ 100ಕ್ಕೆ 50. ಕನ್ನಡದ ಮಾನ 0.45ಕ್ಕೆ ಇಳಿದರೆ, ಅದು ಉಳಿಯಲು 100ಕ್ಕೆ ಸುಮಾರು 66 ಜನ ಬೇಕು. 0.40ಕ್ಕೆ ಇಳಿದರೆ ಸುಮಾರು 79 ಜನ. 0.30ಕ್ಕೆ ಇಳಿದರೆ ಸುಮಾರು 94 ಜನ. ಇವು ಸಮೀಕರಣದಿಂದ ಬಂದ ಅಂಕಿಗಳೇ ಹೊರತು ಊರಿನಲ್ಲಿ ಎಣಿಸಿದವಲ್ಲ ಎಂಬುದನ್ನು ಸ್ಪಷ್ಟಪಡಿಸುತ್ತೇನೆ. ಆದರೂ ಇವುಗಳಲ್ಲಿ ಒಂದು ಪಾಠವಿದೆ. ಮಾನ ಸ್ವಲ್ಪವೇ ಇಳಿದರೆ ಬೇಕಾಗುವ ಜನಬಲ ಬಹಳ ಏರುತ್ತದೆ. ‘ನಮ್ಮೂರಾಗ ಕನ್ನಡದವರ ಭಾಳ ಮಂದಿ ಅದಾರ, ಏನೂ ಆಗಂಗಿಲ್ಲ’ ಎಂಬ ಧೈರ್ಯಕ್ಕೆ ಈ ಲೆಕ್ಕ ಆಧಾರ ಕೊಡುವುದಿಲ್ಲ.

ಈ ಲೆಕ್ಕ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಓಣಿಯ ಕನ್ನಡಕ್ಕೆ ಮಾನವೂ ಕಡಿಮೆ, ಜನವೂ ಕಡಿಮೆ. ಸಮೀಕರಣದ ಪ್ರಕಾರ ಅದು ಎಂದೋ ಹೋಗಬೇಕಾಗಿತ್ತು. ಆದರೆ ಹೋಗಿಲ್ಲ. ಆಯಿ ಇನ್ನೂ ಆಡುತ್ತಿದ್ದಾಳೆ, ಅಪ್ಪ ಆಡುತ್ತಾನೆ, ನಾನು ಆಡುತ್ತೇನೆ. ಹಾಗಾದರೆ ಸಮೀಕರಣದಲ್ಲಿ ಏನೋ ಬಿಟ್ಟುಹೋಗಿದೆ.

5. ಬಿಟ್ಟುಹೋದವನು: ದ್ವಿಭಾಷಿಕ

ಬಿಟ್ಟುಹೋದದ್ದು ನಾವೇ. ಅಬ್ರಾಮ್ಸ್-ಸ್ಟ್ರೊಗಾಟ್ಸ್ ಮಾದರಿಯಲ್ಲಿ ಒಬ್ಬ ಮನುಷ್ಯನಿಗೆ ಒಂದೇ ಭಾಷೆ. ಎರಡನ್ನೂ ಆಡುವವನಿಗೆ ಅಲ್ಲಿ ಮನೆಯಿಲ್ಲ. ಗಡಿನಾಡಿನಲ್ಲಾದರೋ ಎರಡು ಬಾರದವನೇ ಅಪರೂಪ. 2005ರಲ್ಲಿ ಹೊರ್ಹೆ ಮೀರಾ ಮತ್ತು ಆಂಖೆಲ್ ಪರೇದೆಸ್ ಎಂಬ ವಿದ್ವಾಂಸರು ಸ್ಪೇನಿನ ಗಲೀಸಿಯಾ ಪ್ರಾಂತದ ಗಲೀಸಿಯನ್ ಮತ್ತು ಸ್ಪ್ಯಾನಿಷ್ ಭಾಷೆಗಳನ್ನು ಕುರಿತು ಈ ಕೊರತೆಯನ್ನು ತಿದ್ದಿದರು. ದ್ವಿಭಾಷಿಕರ ಒಂದು ಗುಂಪನ್ನು ಸೇರಿಸಿದರು. ಎರಡು ಭಾಷೆಗಳ ನಡುವಿನ ಹೋಲಿಕೆಗೆ ಒಂದು ಅಂಕಿಯನ್ನು ಇಟ್ಟರು. ಹೋಲಿಕೆ ಸಾಕಷ್ಟಿದ್ದರೆ ದ್ವಿಭಾಷಿಕರ ಗುಂಪು ಸ್ಥಿರವಾಗಿ ನಿಲ್ಲುತ್ತದೆ, ಎರಡೂ ಭಾಷೆಗಳು ಉಳಿಯಬಲ್ಲವು ಎಂಬುದು ಅವರ ಫಲಿತಾಂಶ.

ಇಲ್ಲಿ ಒಂದು ತೊಡಕಿದೆ. ಗಲೀಸಿಯನ್ ಮತ್ತು ಸ್ಪ್ಯಾನಿಷ್ ಒಂದೇ ತಾಯಿಯ ಮಕ್ಕಳು. ಕನ್ನಡ ದ್ರಾವಿಡ, ಮರಾಠಿ ಇಂಡೋ-ಆರ್ಯ. ವಂಶವೃಕ್ಷವನ್ನು ನೋಡಿ ಅಂಕಿ ಇಟ್ಟರೆ ಹೋಲಿಕೆ ತೀರ ಕಡಿಮೆ ಬರುತ್ತದೆ. ಆದರೆ ಹೋಲಿಕೆಯನ್ನು ಅಳೆಯಬೇಕಾದದ್ದು ವಂಶವೃಕ್ಷದಲ್ಲೋ ಆಡುವವರ ಬಾಯಲ್ಲೋ?

ಈ ಪ್ರಶ್ನೆಗೆ ಉಪಭಾಷಾ ವಿಜ್ಞಾನ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಸಾಂಗಲಿ ಜಿಲ್ಲೆಯ ಕುಪ್ವಾರ ಎಂಬ ಗ್ರಾಮದ ಅಧ್ಯಯನ ಪ್ರಕಟಿಸಿದರು. ಅಲ್ಲಿ ಜೈನರು ಮತ್ತು ಲಿಂಗಾಯತರು ಕನ್ನಡ, ಮುಸಲ್ಮಾನರು ಉರ್ದು, ಉಳಿದ ಹಲವರು ಮರಾಠಿ ಆಡುತ್ತಿದ್ದರು. ಶತಮಾನಗಳ ಒಡನಾಟದಿಂದ ಈ ಮೂರು ಭಾಷೆಗಳ ವಾಕ್ಯರಚನೆ ಒಂದಕ್ಕೊಂದು ಎಷ್ಟು ಹತ್ತಿರ ಬಂದಿದೆಯೆಂದರೆ ಪದಕ್ಕೆ ಪದವಿಟ್ಟು ಭಾಷಾಂತರಿಸಬಹುದು ಎಂದು ಅವರು ಹೇಳಿದರು. ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಅವರು ಅದೇ ಗ್ರಾಮವನ್ನು ಮತ್ತೆ ಅಭ್ಯಸಿಸಿ, 2016ರಲ್ಲಿ ಈ ನಿಲುವನ್ನು ವಿಮರ್ಶೆಗೆ ಒಳಪಡಿಸಿದ್ದಾರೆ. ಹೀಗಾಗಿ ಅದನ್ನು ಕಲ್ಲಿನಲ್ಲಿ ಕೊರೆದ ಮಾತೆಂದು ತಿಳಿಯಬಾರದು. ಆದರೂ ದಿಕ್ಕು ಸ್ಪಷ್ಟವಿದೆ.

ನಮ್ಮ ಮನೆಯ ಮಾತನ್ನೇ ನೋಡಿ. ಶಿಷ್ಟ ಕನ್ನಡದಲ್ಲಿ ‘ಈ ಮನೆ ನಮ್ಮದು’ ಎಂದರೆ ವಾಕ್ಯ ಮುಗಿಯಿತು, ಕ್ರಿಯಾಪದ ಬೇಡ. ನಮ್ಮ ಆಯಿ ಅನ್ನುವುದು, ‘ಈ ಮನಿ ನಮ್ದ ಐತಿ.’ ಪಕ್ಕದ ಮನೆಯ ಮರಾಠಿ, ‘ಹೇ ಘರ ಆಮ್ಚಂ ಹಾಯ.’ ನಾಲ್ಕು ಪದಕ್ಕೆ ನಾಲ್ಕು ಪದ, ಕ್ರಮವೂ ಅದೇ. ಕುಪ್ವಾರದ ಕನ್ನಡದಲ್ಲೂ ಈ ಲಕ್ಷಣವನ್ನು ಗಂಪರ್ಜ್ ಗುರುತಿಸಿದ್ದರು. ‘ಚಿಂತೆ ಮಾಡಬೇಡ’ ಎನ್ನಲು ನಾವು ‘ಕಾಳಜಿ ಮಾಡಬ್ಯಾಡ’ ಅನ್ನುತ್ತೇವೆ. ‘ನನಗ ಅಡಚಣಿ ಐತಿ, ಸ್ವಲ್ಪ ಮದತ ಮಾಡ’ ಎಂಬ ಮಾತಿನಲ್ಲಿ ಅಡಚಣಿಯೂ ಮದತವೂ ಮರಾಠಿಯೊಡನೆ ಹಂಚಿಕೊಂಡ ಪದಗಳು. ಪ್ರತ್ಯಯ, ಸರ್ವನಾಮ, ಕ್ರಿಯಾಪದ ಕನ್ನಡದವೇ.

ಇದರಿಂದ ನನಗೆ ಕಂಡ ಸಂಗತಿಯನ್ನು ಒಂದು ಊಹೆಯಾಗಿ ಮಾತ್ರ ಮುಂದಿಡುತ್ತೇನೆ. ಮೀರಾ-ಪರೇದೆಸ್ ಮಾದರಿಯ ಹೋಲಿಕೆಯ ಅಂಕಿ ಪಠ್ಯಪುಸ್ತಕದ ಕನ್ನಡಕ್ಕೆ ಕಡಿಮೆ, ಗಡಿಗನ್ನಡಕ್ಕೆ ಹೆಚ್ಚು. ಹೆಚ್ಚಿನ ಹೋಲಿಕೆಯೇ ದ್ವಿಭಾಷಿಕತೆಯನ್ನು ಹಗುರ ಮಾಡಿ, ನಮ್ಮ ಕನ್ನಡವನ್ನು ಇಷ್ಟು ಕಾಲ ಉಳಿಸಿದೆ. ನಾನು ಚಿಕ್ಕವನಿದ್ದಾಗ ನೆಂಟರ ಊರಿನಲ್ಲಿ ಒಬ್ಬ ಮಾಸ್ತರರು ನನ್ನ ಮಾತು ಕೇಳಿ, “ಇದು ಕನ್ನಡ ಅಲ್ಲ, ಕಲಬೆರಕಿ” ಎಂದು ಎಲ್ಲರೆದುರು ನಕ್ಕಿದ್ದರು. ಅಂದಿನಿಂದ ಹೊರಗಿನವರ ಎದುರು ಕನ್ನಡ ಆಡಲು ನಾನು ಹಿಂಜರಿಯುತ್ತಿದ್ದೆ. ಮಾದರಿಯ ಭಾಷೆಯಲ್ಲಿ ಹೇಳುವುದಾದರೆ, ಆ ಒಂದು ನಗೆಯಿಂದ ಮಾನದ ಅಂಕಿ ಇಳಿಯಿತು. ಯಾವ ಬೆರಕೆ ಭಾಷೆಯನ್ನು ಹಿಡಿದು ನಿಲ್ಲಿಸಿದೆಯೋ ಅದೇ ಬೆರಕೆಗೆ ನಾಚಿಕೆ ಹಚ್ಚಿದರೆ ನಷ್ಟ ಎರಡು ಕಡೆಯಿಂದ.

6. ಅಂಚು ಮತ್ತು ನಡುಗಡ್ಡೆ

ಇಲ್ಲಿಯವರೆಗಿನ ಮಾದರಿಗಳಲ್ಲಿ ಊರಿಗೆ ನಕಾಶೆ ಇಲ್ಲ. ಎಲ್ಲರೂ ಎಲ್ಲರನ್ನೂ ಸಮನಾಗಿ ಭೆಟ್ಟಿಯಾಗುತ್ತಾರೆ. ಉಪಭಾಷಾ ಸಂಶೋಧಕರು ಇದನ್ನು ಒಪ್ಪುವುದಿಲ್ಲ, ಒಪ್ಪಬಾರದು. 2006ರಲ್ಲಿ ಕಸ್ತೆಲ್ಯೊ, ಎಗೀಲೂಸ್ ಮತ್ತು ಸಾನ್ ಮಿಗೆಲ್ ಎಂಬುವರು ಎರಡನೆಯ ದಾರಿ ಹಿಡಿದು, ಚೌಕುಳಿ ಹಾಳೆಯ ಮನೆಮನೆಯಲ್ಲಿ ಒಬ್ಬೊಬ್ಬನನ್ನು ಕೂರಿಸಿದರು. ಪ್ರತಿಯೊಬ್ಬನೂ ಒಂದನ್ನು, ಇನ್ನೊಂದನ್ನು ಅಥವಾ ಎರಡನ್ನೂ ಆಡುವವನು. ನೆರೆಯವರನ್ನು ನೋಡಿ ಬದಲಾಗುವವನು.

ನಾನು ಅಭ್ಯಾಸಕ್ಕೆಂದು ಈ ಮಾದರಿಯನ್ನು ಮತ್ತೆ ಬರೆದು ನಡೆಸಿದೆ. ಪರದೆಯ ಮೇಲೆ ಕಂಡದ್ದು ಮೂರು ಸಂಗತಿಗಳು. ಮೊದಲನೆಯದು, ದ್ವಿಭಾಷಿಕರು ಎಲ್ಲೆಂದರಲ್ಲಿ ಇರುವುದಿಲ್ಲ. ಎರಡು ಭಾಷೆಗಳ ನಡುವಿನ ಗಡಿಯಲ್ಲಿ ತೆಳುವಾದ ಅಂಚಿನಂತೆ ನಿಲ್ಲುತ್ತಾರೆ. ಎರಡನೆಯದು, ಗಡಿ ನೇರವಾಗಿದ್ದರೆ ಬಹಳ ಕಾಲ ಅಲುಗುವುದಿಲ್ಲ. ಬಾಗಿದ್ದರೆ ಬಾಗಿನ ಒಳಭಾಗ ಕುಗ್ಗುತ್ತ ಹೋಗುತ್ತದೆ. ಆದ್ದರಿಂದ ಸುತ್ತಲೂ ಇನ್ನೊಂದು ಭಾಷೆ ಇರುವ ಸಣ್ಣ ನಡುಗಡ್ಡೆ ಕರಗಿಹೋಗುತ್ತದೆ. ಇದಕ್ಕೆ ಮಾನದ ವ್ಯತ್ಯಾಸವೂ ಬೇಕಿಲ್ಲ, ಆಕಾರವೇ ಸಾಕು. ಜೇಮ್ಸ್ ಬರ್ರಿಜ್ 2017ರಲ್ಲಿ ಉಪಭಾಷೆಗಳ ಲಕ್ಷಣಗಳನ್ನು ಬೇರ್ಪಡಿಸುವ ರೇಖೆಗಳಿಗೂ ಇದೇ ತರ್ಕ ಹಚ್ಚಿ, ಆ ರೇಖೆಗಳು ನೀರಿನ ಗುಳ್ಳೆಯ ಮೈಯಂತೆ ಬಿಗಿದುಕೊಳ್ಳುತ್ತವೆ ಎಂದು ವಿವರಿಸಿದ್ದಾರೆ.

ಮೂರನೆಯದು, ದೂರದ ಕೊಂಡಿಗಳು. ಚೌಕುಳಿಯಲ್ಲಿ ಕೆಲವರಿಗೆ ನೆರೆಯವನ ಬದಲು ದೂರದವನೊಡನೆ ಸಂಬಂಧ ಕಟ್ಟಿದರೆ ಇಡೀ ಚಿತ್ರ ಬದಲಾಗುತ್ತದೆ. 1998ರಲ್ಲಿ ವಾಟ್ಸ್ ಮತ್ತು ಇದೇ ಸ್ಟ್ರೊಗಾಟ್ಸ್ ತೋರಿಸಿದಂತೆ, ಇಂಥ ಕೆಲವೇ ಕೊಂಡಿಗಳು ದೊಡ್ಡ ಲೋಕವನ್ನು ಚಿಕ್ಕದು ಮಾಡುತ್ತವೆ. ನಮ್ಮ ಕಡೆ ಆ ಕೊಂಡಿ ಎಂದರೆ ಇಚಲಕರಂಜಿಯ ಮಗ್ಗ, ಕೊಲ್ಹಾಪುರದ ಕಾಲೇಜು, ಪುಣೆಯ ನೌಕರಿ. ನಮ್ಮ ಕಾಕಾ ಇಚಲಕರಂಜಿಯ ಪವರ್‌ಲೂಮಿನಲ್ಲಿ ಕೆಲಸಕ್ಕಿದ್ದವನು. ಊರಿಗೆ ಬಂದರೆ ಅವನ ಬಾಯಲ್ಲಿ ಅರ್ಧ ಮಾತು ಅಲ್ಲಿಯದೇ. ಕೊಂಡಿಗಳು ಹೆಚ್ಚಿದಷ್ಟೂ ನಡುಗಡ್ಡೆಗಳು ಬೇಗ ಕರಗುತ್ತವೆ.

ಮಾದರಿಯ ಈ ಮಾತನ್ನು ನಕಾಶೆಯ ಮೇಲೆ ಇಟ್ಟು ನೋಡಿದರೆ, ನೂಲ ಭಾಗದ ಕನ್ನಡಕ್ಕೆ ಬೆನ್ನ ಹಿಂದೆ ಸಂಕೇಶ್ವರವಿದೆ. ನೇಸರಿಯ ನಮ್ಮ ಓಣಿಗೆ ಬೆನ್ನಿಲ್ಲ. ಒಂದೇ ತಾಲ್ಲೂಕು, ಒಂದೇ ಉಪಭಾಷೆ. ಭವಿಷ್ಯ ಮಾತ್ರ ಬೇರೆ.

7. ಆಯಿ ಹೇಳಿದ ತಿದ್ದುಪಡಿ

ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿ ಊರಿಗೆ ಹೋದೆ. ನಮ್ಮ ಮನೆಯಿಂದಲೇ ಶುರು ಮಾಡಿದೆ. ಮನೆಯಲ್ಲಿ ಏಳು ಮಂದಿ. ಯಾರಿಗೆ ಯಾವ ಭಾಷೆ ಬರುತ್ತದೆಂದು ಬರೆದುಕೊಂಡೆ. ಏಳು ಮಂದಿಗೂ ಎರಡೂ ಬರುತ್ತವೆ ಎಂದಾಯಿತು. ಸಂತೋಷದಿಂದ ಆಯಿಗೆ ಹೇಳಿದೆ. ಅವಳು ಅಂಗಳದಲ್ಲಿ ಆಡುತ್ತಿದ್ದ ಅಣ್ಣನ ಮಗನ ಕಡೆ ಕೈ ಮಾಡಿ ಅಂದಳು:

“ಅಂವಂದೂ ಬರ್ಕೊಂಡಿಯೇನ? ಅಂವಾ ನನ್ನ ಮಾತ ತಗೋತಾನ, ತಿರುಗಿ ಕೊಡಂಗಿಲ್ಲ.”

ಮತ್ತೆ ಎರಡು ದಿನ ಸುಮ್ಮನೆ ಕುಳಿತು ಕೇಳಿದೆ. ಆಯಿ “ಊಟಾ ಮಾಡ ಬಾ” ಅನ್ನುತ್ತಾಳೆ. ಹುಡುಗ “ಆಲೋ” ಎಂದು ಮರಾಠಿಯಲ್ಲಿ ಓಗೊಡುತ್ತಾನೆ. “ನೀರ ತಗೊಂಡ ಬಾ” ಅಂದರೆ ತರುತ್ತಾನೆ, ಮಾತಿಲ್ಲದೆ. ಅವನಿಗೆ ಒಂದು ಪದವೂ ತಿಳಿಯದೆ ಇಲ್ಲ. ಆದರೆ ಎರಡು ದಿನದಲ್ಲಿ ಅವನ ಬಾಯಿಂದ ಒಂದು ಕನ್ನಡ ವಾಕ್ಯ ಹೊರಡಲಿಲ್ಲ. ಅವನೊಬ್ಬನೇ ಅಲ್ಲ, ಅವನ ಅವ್ವನೊಡನೆ ನಾನೇ ಮರಾಠಿಯಲ್ಲಿ ಮಾತಾಡುತ್ತಿದ್ದೆ ಎಂಬುದೂ ಆಗ ಗಮನಕ್ಕೆ ಬಂತು. ವೈನಿ ಗಡಹಿಂಗ್ಲಜದ ಕನ್ನಡದ ಮನೆಯ ಮಗಳು. ಆದರೂ ಯಾರೂ ಹೇಳದೆ ನಮ್ಮಿಬ್ಬರ ನಡುವೆ ಮರಾಠಿ ಬಂದು ಕುಳಿತಿತ್ತು.

ಇಲ್ಲಿ ನಾನು ಕಟ್ಟಿದ ಊರಿನಲ್ಲಿ ನೀರಿಲ್ಲದ್ದು ಗೊತ್ತಾಯಿತು. ಮಾದರಿಯ ಮೂರು ಸ್ಥಿತಿಗಳಲ್ಲಿ ‘ಬಲ್ಲವನು’ ಇದ್ದ. ‘ಬಲ್ಲ, ಆದರೆ ಆಡುವುದಿಲ್ಲ’ ಎಂಬವನು ಇರಲಿಲ್ಲ. ನಾನು ನಾಲ್ಕನೆಯ ಸ್ಥಿತಿಯಾಗಿ ಅವನನ್ನು ಸೇರಿಸಿದೆ. ಅವನು ಕೇಳುವಾಗ ದ್ವಿಭಾಷಿಕ, ಮುಂದಿನ ತಲೆಮಾರಿಗೆ ಕೊಡುವಾಗ ಏಕಭಾಷಿಕ. ಈ ನಿಯಮ ಇಟ್ಟು ನಡೆಸಿದಾಗ ಪರದೆಯ ಮೇಲೆ ಕಂಡದ್ದು ಹೀಗೆ: ಕನ್ನಡ ಬಲ್ಲವರ ಲೆಕ್ಕ ಬಹಳ ಕಾಲ ಕೆಳಗಿಳಿಯುವುದೇ ಇಲ್ಲ, ಆಮೇಲೆ ಹಿರಿಯರ ತಲೆಮಾರು ಸರಿದಂತೆ ಒಮ್ಮೆಲೇ ಕುಸಿಯುತ್ತದೆ. ನಿಯಮದಿಂದಲೇ ಇದು ಬರಬೇಕಾದದ್ದು, ಇದರಲ್ಲಿ ಪವಾಡವೇನಿಲ್ಲ. ಆದರೆ ಜನಗಣತಿಯಲ್ಲಿ ಮಾತೃಭಾಷೆಯನ್ನೂ ಬರುವ ಇನ್ನೆರಡು ಭಾಷೆಗಳನ್ನೂ ಕೇಳುತ್ತಾರೆ; ಯಾರು ಯಾರೊಡನೆ ಯಾವುದನ್ನು ಆಡುತ್ತಾರೆಂದು ಕೇಳುವುದಿಲ್ಲ. ನಮ್ಮ ಅಣ್ಣನ ಮಗನ ಮಾತೃಭಾಷೆಯ ಮುಂದೆ ‘ಕನ್ನಡ’ ಎಂದೇ ಬರೆಸುತ್ತಾರೆ. ಅಂಕಿ ಗಟ್ಟಿಯಾಗಿರುವಾಗಲೇ ಮನೆಯೊಳಗೆ ಮಾತು ನಿಂತಿರಬಹುದು.

8. ಉಪಸಂಹಾರ

ಮಾದರಿ ಭವಿಷ್ಯ ಹೇಳುವ ಪಂಚಾಂಗವಲ್ಲ. ‘ಹೀಗಿದ್ದರೆ ಹೀಗಾದೀತು’ ಎಂಬಷ್ಟೇ ಅದರ ಮಾತು. ಆದರೆ ಏನನ್ನು ಎಣಿಸಬೇಕು, ಏನನ್ನು ಎಣಿಸದೆ ಬಿಟ್ಟಿದ್ದೇವೆ ಎಂಬುದನ್ನು ಅದು ತೋರಿಸಿಕೊಡುತ್ತದೆ. ಗಡಿಭಾಗದಲ್ಲಿ ಕ್ಷೇತ್ರಕಾರ್ಯ ಮಾಡುವ ವಿದ್ವಾಂಸರಲ್ಲಿ ನನ್ನ ಅರಿಕೆ ಮೂರು.

ಒಂದು, ಮಾಹಿತಿದಾರರಿಗೆ ಭಾಷೆ ಬರುತ್ತದೆಯೇ ಎಂದು ಕೇಳಿ ಬಿಡದೆ, ಯಾರು ಯಾರಿಗೆ ಯಾವ ಭಾಷೆಯಲ್ಲಿ ತಿರುಗಿ ಮಾತಾಡುತ್ತಾರೆ ಎಂಬುದನ್ನು ಜೋಡಿಜೋಡಿಯಾಗಿ ಬರೆದುಕೊಳ್ಳಬೇಕು. ಎರಡು, ಅಂಚಿನ ಊರು ಮತ್ತು ನಡುಗಡ್ಡೆಯ ಓಣಿ ಇವನ್ನು ಬೇರೆಬೇರೆಯಾಗಿ ನೋಡಬೇಕು. ಎರಡರ ಉಪಭಾಷೆ ಒಂದೇ ಎಂದು ಅವುಗಳ ಸ್ಥಿತಿಯನ್ನೂ ಒಂದೇ ಎನ್ನಬಾರದು. ನಡುಗಡ್ಡೆಗಳಲ್ಲಿ ಧ್ವನಿಮುದ್ರಣ ಮೊದಲು ಆಗಬೇಕು, ಅಲ್ಲಿ ಕಾಲಾವಕಾಶ ಕಡಿಮೆ. ಮೂರು, ‘ಕಲಬೆರಕಿ’ ಎಂಬ ಮಾತನ್ನು ಶಾಲೆಯಿಂದ ಹೊರಗಿಡಬೇಕು. ಶಿಷ್ಟ ಕನ್ನಡವನ್ನು ಕಲಿಸೋಣ. ‘ಐತಿ’ಯನ್ನು ನಾಚಿಸಿ ಅಲ್ಲ.

ಸಮೀಕರಣದಲ್ಲಿ ಜನಸಂಖ್ಯೆಯನ್ನು ನಾನು ಬದಲಿಸಲಾರೆ, ನಕಾಶೆಯನ್ನೂ ಬದಲಿಸಲಾರೆ. ಕೈಯಲ್ಲಿರುವುದು ಒಂದೇ ಒಂದು ಅಂಕಿ. ಅದು ಮಾನ, ಮತ್ತು ಅದು ಮನೆಯಲ್ಲಿ ಆಡುವ ಒಂದೊಂದು ಮಾತಿನಿಂದ ಏರುತ್ತದೆ, ಇಳಿಯುತ್ತದೆ. ಈಗ ವೈನಿಯೊಡನೆ ನಾನು ಕನ್ನಡದಲ್ಲಿ ಮಾತಾಡುತ್ತೇನೆ. ಮೊದಮೊದಲು ಇಬ್ಬರಿಗೂ ಸಂಕೋಚವಾಗುತ್ತಿತ್ತು. ಹೋದ ಸಲ ಊರಿಂದ ಹೊರಟಾಗ ಅಣ್ಣನ ಮಗ ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದ. “ಮತ್ತ ಯಾವಾಗ ಬರ್ತಿ ಕಾಕಾ?” ಅಂದ. ಒಂದು ವಾಕ್ಯದಿಂದ ಏನನ್ನೂ ಸಿದ್ಧಪಡಿಸಲಾಗದು ಎಂದು ನಾನು ಓದಿದ ವಿದ್ಯೆ ಹೇಳುತ್ತದೆ. ಆದರೂ ಅದನ್ನು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೇನೆ.